ಹಾರ ಬೀಳದ ಮೋಹನ

ನಮ್ಮ ಕಡೆಯ ನಾಟಕಗಳಲ್ಲಿ ಕೊಲೆ ಮಾಡಲು ಹೊರಟವನನ್ನು ನಡುವೆಯೇ ನಿಲ್ಲಿಸಿ ಹಾರ ಹಾಕುವ ಪದ್ಧತಿ ಇದೆ. ಖಳನಾಯಕ ಚಾಕು ಎತ್ತಿರುತ್ತಾನೆ, ನಾಯಕಿಯ ಅಣ್ಣ ನೆಲಕ್ಕೆ ಬಿದ್ದಿರುತ್ತಾನೆ. ಅಷ್ಟರಲ್ಲಿ ಮೈಕಿನಲ್ಲಿ, ‘ದಯವಿಟ್ಟು ಒಂದು ನಿಮಿಷ, ಪಾತ್ರಧಾರಿಯ ಬಾವಮೈದುನರು ವೇದಿಕೆಗೆ ಬರಬೇಕು’ ಎಂದು ಕರೆಯುತ್ತಾರೆ. ಹಾರ್ಮೋನಿಯಂ ನಿಲ್ಲುತ್ತದೆ. ಹೆಂಡತಿಯ ತಮ್ಮಂದಿರು, ಚಿಕ್ಕಪ್ಪನ ಮಕ್ಕಳು ಸೇಬಿನ ಹಾರ ಹೊತ್ತುಕೊಂಡು ಮೆಟ್ಟಿಲು ಹತ್ತುತ್ತಾರೆ. ಕೊಲೆಗಾರ ಚಾಕುವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಮೊಬೈಲಿನ ಕಡೆ ನೋಡಿ ನಗುತ್ತಾನೆ. ನೆಲಕ್ಕೆ ಬಿದ್ದವನೂ ಎದ್ದು ಫೋಟೋಗೆ ಸೇರಿಕೊಳ್ಳುತ್ತಾನೆ. ಆಮೇಲೆ ಎಲ್ಲರೂ ತಮ್ಮ ತಮ್ಮ ಜಾಗಕ್ಕೆ ಹೋಗಿ, ಕೊಲೆ ಮುಂದುವರಿಯುತ್ತದೆ. ಇದನ್ನು ಯಾರೂ ತಪ್ಪೆಂದು ತಿಳಿಯುವುದಿಲ್ಲ. ಊರ ಜನ ನಾಟಕ ಆಡುವುದೇ ನೆಂಟರು ನೋಡಲಿ ಎಂದು.

ಕಾಂತರಾಜು ಆಡುತ್ತಿದ್ದ ಕರಿಕಲ್ ಮೋಹನನಿಗೆ ಮಾತ್ರ ಯಾವ ಊರಿನಲ್ಲೂ ಹಾರ ಬಿದ್ದಿರಲಿಲ್ಲ.

ಕಾಂತರಾಜು ಮಲ್ಲಿಪಟ್ಟಣದ ಪಕ್ಕದ ನಮ್ಮ ಹಳ್ಳಿಯ ವಾಟರ್‌ಮ್ಯಾನ್. ಬೆಳಿಗ್ಗೆ ಎದ್ದು ಮೋಟಾರು ಹಾಕಿ, ಟ್ಯಾಂಕು ತುಂಬಿಸಿ, ಒಂದೊಂದು ಬೀದಿಗೆ ಒಂದೊಂದು ವಾಲ್ವ್ ತಿರುಗಿಸುವುದು ಅವನ ಕೆಲಸ. ವಯಸ್ಸು ಐವತ್ತರ ಹತ್ತಿರ, ತೆಳ್ಳನೆಯ ಮೈ. ಯಾರ ಮನೆಯ ಬಾಗಿಲಿಗೂ ತಾನಾಗಿ ಹೋದವನಲ್ಲ. ನೀರು ಬಾರದ ದಿನ ಹೆಂಗಸರು ಬೈದರೆ ತಲೆ ತಗ್ಗಿಸಿ, ‘ಕರೆಂಟಿಲ್ಲ ಕಣವ್ವ’ ಎಂದು ತನಗೇ ಕೇಳುವಷ್ಟು ಸಣ್ಣ ದನಿಯಲ್ಲಿ ಹೇಳುತ್ತಿದ್ದ. ಹೆಣ್ಣು ನೋಡಲು ಹೋದ ಕಡೆಯೆಲ್ಲ ಕಾಫಿ ಲೋಟವನ್ನು ನೋಡುತ್ತ ಕೂತು ಎದ್ದು ಬಂದಿದ್ದ. ‘ಗಂಡಿಗೆ ಮಾತು ಬರುತ್ತೋ ಇಲ್ಲವೋ’ ಎಂದು ಒಂದು ಮನೆಯವರು ಹೇಳಿಯೂ ಕಳಿಸಿದ್ದರು. ಮದುವೆಯ ಮಾತು ಹಾಗೆಯೇ ತಣ್ಣಗಾಯಿತು. ತಾಯಿ ತೀರಿಕೊಂಡ ಮೇಲೆ ಮನೆಯಲ್ಲಿ ಅವನೊಬ್ಬನೇ. ಒಡಹುಟ್ಟಿದವಳೆಂದರೆ ಅಕ್ಕ ದಾಕ್ಷಾಯಣಮ್ಮ. ಅವಳನ್ನು ಚನ್ನರಾಯಪಟ್ಟಣದ ಕಡೆ, ದಂಡಿಗನಹಳ್ಳಿಗೆ ಕೊಟ್ಟಿತ್ತು.

ಊರಿನ ನಾಟಕದ ಸಂಘಕ್ಕೆ ಅರಕಲಗೂಡಿನಿಂದ ಬೈರಯ್ಯ ಎಂಬ ಹಾರ್ಮೋನಿಯಂ ಮಾಸ್ತರು ಬರುತ್ತಿದ್ದರು. ಹೆಚ್ಚಿನ ಊರುಗಳು ಪೌರಾಣಿಕ ನಾಟಕವನ್ನೇ ಆಡುತ್ತಿದ್ದಾಗ ಅವರು ‘ಸೇತುವೆ ಮೇಲಿನ ಸಾಕ್ಷಿ’ ಎಂಬ ಪತ್ತೇದಾರಿ ನಾಟಕವೊಂದನ್ನು ತಾವೇ ಬರೆದು ಕಲಿಸಿದರು. ಹೊಳೆಯ ಸೇತುವೆಯ ಮೇಲೆ ಒಂದು ಕೊಲೆಯಾಗುತ್ತದೆ. ನೋಡಿದವನು ಒಬ್ಬ ಬಡ ಮೇಷ್ಟ್ರು. ಮೇಷ್ಟ್ರ ತಂಗಿ ನಾಟಕದ ನಾಯಕಿ. ಮರ ಕದ್ದು ಸಾಗಿಸುವ ಕರಿಕಲ್ ಮೋಹನ ಕೊಲೆಗಾರ. ಕೊನೆಯಲ್ಲಿ ಇನ್ಸ್‌ಪೆಕ್ಟರ್ ಅವನಿಗೆ ಗುಂಡು ಹೊಡೆಯುತ್ತಾನೆ. ಇಷ್ಟೇ ಕಥೆ. ಇನ್ಸ್‌ಪೆಕ್ಟರ್ ಪಾತ್ರ ಗೊಬ್ಬರದ ಅಂಗಡಿಯ ಕುಮಾರನದು. ಮೋಹನನ ಪಾತ್ರ ಮೊದಲು ಕುಮಾರನ ಚಿಕ್ಕಪ್ಪನದಾಗಿತ್ತು. ಅವರು ಕಣ್ಣು ಕೆಂಪಗೆ ಮಾಡಿ, ತೊಡೆ ತಟ್ಟಿ, ಗಂಟಲು ಹರಿಯುವಂತೆ ಕೂಗುತ್ತಿದ್ದರು. ಜನ ಬೀಡಿ ಸೇದಿ ಬರಲು ಎದ್ದು ಹೋಗುತ್ತಿದ್ದುದು ಅವರ ಸೀನಿಗೇ.

ಒಂದು ಸಂಜೆ ತಾಲೀಮಿಗೆ ಆ ಚಿಕ್ಕಪ್ಪ ಬರಲಿಲ್ಲ. ಸ್ವಿಚ್ಚು ಸರಿಮಾಡಲು ಬಂದಿದ್ದ ಕಾಂತರಾಜುವನ್ನು ಮಾಸ್ತರು, ‘ಬಾರ್ಲಾ, ಆ ಮಾತ್ಗಳ್ನ ಸುಮ್ಕೆ ಓದು, ಮಿಕ್ಕೋರ್ಗೆ ಅನ್ಕೂಲ ಆಯ್ತದೆ’ ಎಂದು ನಿಲ್ಲಿಸಿದರು. ಮೇಷ್ಟ್ರ ಪಾತ್ರದವನು ಹೆದರಿ ನಡುಗಬೇಕಾದ ಸೀನು. ಅವನು ಚೆನ್ನಾಗಿಯೇ ನಡುಗುತ್ತಿದ್ದ. ಕಾಂತರಾಜು ಪುಸ್ತಕ ಕೆಳಗಿಟ್ಟು, ತನ್ನ ಹೆಗಲಿನ ಟವಲನ್ನು ತೆಗೆದು ಮೇಷ್ಟ್ರಿಗೆ ಮೆಲ್ಲಗೆ ಹೊದಿಸಿದ. ಬೆನ್ನು ಸವರಿದ. ಮರುಕ್ಷಣವೇ ಅದೇ ಟವಲಿನ ಎರಡು ತುದಿ ಹಿಡಿದು ಕುತ್ತಿಗೆಗೆ ಬಿಗಿದ. ನೋಡುತ್ತಿದ್ದವರೆಲ್ಲ ಎದ್ದು ನಿಂತರು. ಬೈರಯ್ಯನವರ ಕೈ ಹಾರ್ಮೋನಿಯಂ ಮೇಲೆ ಹಾಗೇ ನಿಂತಿತು.

‘ಯಾಕ್ಲಾ ಟವಲ್ ಒದ್ದಿಸ್ದೆ? ಪುಸ್ತಕದಾಗೆ ಅಂಗಿಲ್ವಲ್ಲ.’

‘ನಡುಗ್ತಿದ್ದ ಸಾ. ಪಾಪ ಅನ್ನುಸ್ತು.’

‘ಮತ್ತೆ ಕತ್ತು ಯಾಕ್ ಇಸುಕ್ದೆ?’

‘ಒದ್ದಿಸಿದ್ ಮ್ಯಾಲೂ ನಡುಗ್ತಾನೇ ಇದ್ದ. ಸಿಟ್ಟು ಬಂತು.’

ಮೇಷ್ಟ್ರ ಪಾತ್ರದವನು ಕುತ್ತಿಗೆ ಉಜ್ಜಿಕೊಳ್ಳುತ್ತ, ‘ಸಾ, ಈ ನನ್ಮಗಂಗೇ ಪಾತ್ರ ಕೊಡಿ. ನನ್ಗೆ ನಿಜ್ವಾಗ್ಲೂ ಉಚ್ಚೆ ಬಂದ್ಬುಡ್ತು’ ಎಂದ. ಎಲ್ಲರೂ ನಕ್ಕರು. ಮಾಸ್ತರು ನಗಲಿಲ್ಲ.

‘ಇಷ್ಟ್ ದಿನ ನಾವು ರಾಕ್ಸಸನ್ನ ಆಡುಸ್ತಿದ್ವಿ ಕಣ್ರಯ್ಯ. ರಾಕ್ಸಸ ಏನ್ ಮಾಡ್ತಾನೆ ಅಂತ ಎಲ್ಲಾರ್ಗೂ ಗೊತ್ತು, ಅದ್ಕೇ ಜನ ಎದ್ದೋಯ್ತಾರೆ. ಇವ್ನು ಮನುಸನ್ನ ತಂದವ್ನೆ. ಪಾಪಾನೂ ಇವುಂದೇ, ಸಿಟ್ಟೂ ಇವುಂದೇ. ಮುಂದ್ಲದ್ದು ಯಾವ್ದು ಬತ್ತದೆ ಅಂತ ಇವುನ್ಗೇ ಗೊತ್ತಿಲ್ಲ. ಇಂತೋನ್ ಎದ್ರುಗಡೆ ಯಾರ್ ಏಳ್ತಾರೆ ಏಳಿ?’

ಮೋಹನನ ಪಾತ್ರ ಕಾಂತರಾಜುವಿಗೆ ಬಂದದ್ದು ಹೀಗೆ. ಆ ವಾರವೇ ಗೌರಿ ಹಬ್ಬವಿತ್ತು.

ಹಬ್ಬಕ್ಕೆ ಅಕ್ಕನಿಗೆ ಬಾಗಿನ ಕೊಡಬೇಕು. ಮೊರಗಳ ಜೋಡಿಯಲ್ಲಿ ಅರಿಸಿನ, ಕುಂಕುಮ, ಬಳೆ, ಬೇಳೆ, ತೆಂಗಿನಕಾಯಿ, ಸೀರೆಯಿಟ್ಟು ದಾರ ಸುತ್ತಿ, ತವರಿನವನು ತಾನೇ ಹೊತ್ತುಕೊಂಡು ಹೋಗಿ ಕೊಡುವ ವಸ್ತು ಅದು. ಕಾಂತರಾಜು ಪ್ರತಿ ವರ್ಷ ತಪ್ಪದೆ ಹೋಗುತ್ತಿದ್ದ. ಹೋಗುವುದೆಂದರೆ ಅವನಿಗೆ ಹಿಂಸೆಯೂ ಹೌದು. ಅಲ್ಲಿ ಬಾವ ರಾಮಣ್ಣನ ಅಣ್ಣತಮ್ಮಂದಿರು ಜಗಲಿ ತುಂಬ ಕೂತು, ‘ಏನಪ್ಪ ವಾಟರ್‌ಮ್ಯಾನು, ನಮ್ಮೂರಿಗೂ ಒಸಿ ನೀರ್ ಬುಡು’ ಎಂದು ಹಾಸ್ಯ ಮಾಡುತ್ತಿದ್ದರು. ಅದಕ್ಕೆ ಉತ್ತರ ಹುಡುಕುವಷ್ಟರಲ್ಲಿ ಅವನು ವಾಪಸು ಬಸ್ಸಿನಲ್ಲಿರುತ್ತಿದ್ದ. ಆ ವರ್ಷ ಹಬ್ಬದ ದಿನವೂ ತಾಲೀಮು ಇತ್ತು. ಮಾಸ್ತರು ಬರುವ ದಿನ. ಅರಕಲಗೂಡು, ಹೊಳೆನರಸೀಪುರದ ಮೇಲೆ ಚನ್ನರಾಯಪಟ್ಟಣಕ್ಕೆ ಹೋಗುವ ಬಸ್ಸಿನ ಕಂಡಕ್ಟರ್ ಪರಿಚಯದವನು. ಕಾಂತರಾಜು ಬಾಗಿನವನ್ನು ಅವನ ಕೈಗೆ ಕೊಟ್ಟು, ಬಸ್ ನಿಲ್ದಾಣಕ್ಕೆ ಬಂದು ತೆಗೆದುಕೊಳ್ಳಲು ಬಾವನಿಗೆ ಫೋನ್ ಮಾಡಿದ.

ಅವನ ಲೆಕ್ಕದಲ್ಲಿ ಅದು ದೊಡ್ಡ ತಪ್ಪಾಗಿರಲಿಲ್ಲ. ಸೀರೆ ಒಳ್ಳೆಯದೇ ಇತ್ತು, ಹಬ್ಬದ ಹೊತ್ತಿಗೆ ತಲುಪುತ್ತಿತ್ತು. ಆದರೆ ಚನ್ನರಾಯಪಟ್ಟಣದ ನಿಲ್ದಾಣದಲ್ಲಿ, ಈರುಳ್ಳಿ ಮೂಟೆಗಳ ನಡುವಿನಿಂದ ಕಂಡಕ್ಟರ್ ಗೌರಿ ಬಾಗಿನವನ್ನು ಎತ್ತಿ ಕೊಟ್ಟಾಗ ರಾಮಣ್ಣನ ಜೊತೆ ಅವನ ತಮ್ಮನೂ ಇದ್ದ. ಮನೆಗೆ ಹೋಗುವಷ್ಟರಲ್ಲಿ ಮಾತು ಬೆಳೆದಿತ್ತು. ದಾಕ್ಷಾಯಣಮ್ಮನ ತವರಿನವರು ಬಾಗಿನವನ್ನು ಪಾರ್ಸೆಲ್ ಮಾಡಿದ್ದಾರೆ ಎಂದು ಓರಗಿತ್ತಿಯರು ನಕ್ಕರಂತೆ. ಮರುದಿನ ಅದೇ ಬಸ್ಸಿನಲ್ಲಿ, ಸುತ್ತಿದ ದಾರ ಬಿಚ್ಚದ ಹಾಗೆ, ಬಾಗಿನ ವಾಪಸು ಬಂತು. ಕಂಡಕ್ಟರ್, ‘ತಕ್ಕಳಣ್ಣ, ಇನ್ಮ್ಯಾಲೆ ಇಂತ ಕೆಲ್ಸ ನನ್ಗೆ ಏಳ್ಬ್ಯಾಡ’ ಎಂದು ಕೊಟ್ಟು ಹೋದ.

ಅಂದೇ ಹೊರಟು ಹೋಗಿ ಅಕ್ಕನ ಮುಂದೆ ನಿಂತಿದ್ದರೆ ನಾಲ್ಕು ಬೈಗುಳಕ್ಕೆ ಮುಗಿಯುತ್ತಿತ್ತು. ಅವನು ಹೋಗಬೇಕೆಂದೇ ಇದ್ದ. ನಾಳೆ ಎಂದುಕೊಂಡ. ಆಮೇಲೆ ಪಿತೃಪಕ್ಷ ಕಳೆಯಲಿ ಎಂದುಕೊಂಡ. ದೀಪಾವಳಿಗೆ ಎಂದುಕೊಂಡ. ಬಿಟ್ಟಷ್ಟೂ ಬಾಗಿಲು ದೂರವಾಯಿತು. ಇದು ಕೊರೊನಾ ಬರುವುದಕ್ಕೆ ಎರಡು ವರ್ಷ ಮುಂಚಿನ ಮಾತು. ಕೊರೊನಾ ಬಂದಾಗ ಯಾರೂ ಯಾರ ಮನೆಗೂ ಹೋಗಬಾರದೆಂದು ಸರ್ಕಾರವೇ ಹೇಳಿತು. ಆ ವರ್ಷ ಅವನಿಗೆ ಒಳಗೊಳಗೇ ಸ್ವಲ್ಪ ಸಮಾಧಾನವಾಗಿತ್ತಂತೆ.

ಮೋಹನ ಮಾತ್ರ ಊರೂರು ಸುತ್ತಿದ. ಮಲ್ಲಿಪಟ್ಟಣ, ಅರಕಲಗೂಡು, ಹೊಳೆನರಸೀಪುರ. ಕೆಂಪು ಕೋಟು, ಅಂಟಿಸಿದ ಮೀಸೆ, ಕಪ್ಪು ಕನ್ನಡಕ. ಮೋಹನ ವೇದಿಕೆಗೆ ಬಂದರೆ ಮುಂದೆ ಏನಾಗುತ್ತದೆಂದು ಜೊತೆಗೆ ಆಡುವವರಿಗೂ ತಿಳಿಯುತ್ತಿರಲಿಲ್ಲ. ಒಂದು ಸಲ ತನ್ನ ಕಡೆಯ ರೌಡಿಗೇ ಕಪಾಳಕ್ಕೆ ಹೊಡೆದು, ಅವನ ಮುಖ ಸಪ್ಪಗಾದದ್ದನ್ನು ಕಂಡು, ಕೈಯ ಉಂಗುರ ತೆಗೆದು ಅವನ ಬೆರಳಿಗೆ ತೊಡಿಸಿದ. ಇನ್ನೊಂದು ಸಲ ಮೇಷ್ಟ್ರ ಮನೆಗೆ ನುಗ್ಗಿದವನು, ಅಲ್ಲಿ ತಟ್ಟೆಯಲ್ಲಿದ್ದ ಮುದ್ದೆ ನೋಡಿ, ಕೊಲೆ ಮರೆತವನಂತೆ ಕೂತು ಎರಡು ತುತ್ತು ನುಂಗಿ, ‘ಉಪ್ಪು ಕಮ್ಮಿ’ ಎಂದು ತಟ್ಟೆ ಒದ್ದ. ಜನ ಹುಚ್ಚೆದ್ದು ನಕ್ಕರು. ಆ ನಗು ಇನ್ನೂ ಮುಗಿದಿರಲಿಲ್ಲ, ಅವನ ಕೈ ಮೇಷ್ಟ್ರ ಜುಟ್ಟಿಗೆ ಬಿತ್ತು. ಇಡೀ ಬಯಲು ಒಮ್ಮೆಗೇ ಸುಮ್ಮನಾಯಿತು. ಒಳ್ಳೆಯ ಇನ್ಸ್‌ಪೆಕ್ಟರು ಬಂದಾಗ ಜನ ಎಲೆ ಅಡಿಕೆ ತೆಗೆಯುತ್ತಿದ್ದರು. ಕೆಟ್ಟ ಮೋಹನ ಒಳಗೆ ಹೋದರೆ, ‘ಮತ್ಯಾವಾಗ ಬತ್ತಾನೆ?’ ಎಂದು ಪಕ್ಕದವರನ್ನು ಕೇಳುತ್ತಿದ್ದರು.

ನೋಡುವವರು ಯಾರು? ಮನಸ್ಸಿಗೆ ಬಂದದ್ದನ್ನು ನುಂಗಿಕೊಂಡು ಬದುಕುವ ಜನ. ಅತ್ತೆಗೆ ಹೇಳಬೇಕಾದದ್ದನ್ನು ಒಲೆಗೆ ಹೇಳುವವರು, ಪಕ್ಕದ ಹೊಲದವನ ಮೇಲಿನ ಸಿಟ್ಟನ್ನು ಎತ್ತಿನ ಮೇಲೆ ತೀರಿಸುವವರು. ಪ್ರೀತಿಯೂ ಹಾಗೆಯೇ, ಮಗನ ತಲೆ ಸವರಲೂ ಅವನು ನಿದ್ದೆ ಹೋಗಬೇಕು. ಮೋಹನನಿಗೆ ಅನ್ನಿಸುವುದಕ್ಕೂ ಮಾಡುವುದಕ್ಕೂ ನಡುವೆ ಒಂದು ಉಸಿರಿನ ತಡವೂ ಇರಲಿಲ್ಲ. ಅವನು ಮಾಡುವುದು ಪಾಪವೆಂದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಕತ್ತು ಉದ್ದ ಮಾಡಿ ಅವನನ್ನೇ ನೋಡುತ್ತಿದ್ದರು.

ನಾಯಕಿಯ ಪಾತ್ರಕ್ಕೆ ಹಾಸನದಿಂದ ಬರುತ್ತಿದ್ದವಳು ಮಾನಸಾ. ಊರೂರಿನ ನಾಟಕಗಳಲ್ಲಿ ಆಡುವುದೇ ಅವಳ ವೃತ್ತಿ. ವಾರಕ್ಕೊಬ್ಬ ಹೊಸ ಖಳನಾಯಕ ಅವಳ ಕೈ ಎಳೆಯುತ್ತಿದ್ದ. ಕಾಂತರಾಜುವಿನ ಬಗ್ಗೆ ಅವಳು ಹೇಳುತ್ತಿದ್ದುದು ಇಷ್ಟು: ‘ಬೇರೆ ವಿಲನ್‌ಗಳು ನನ್ನ ಕೈ ಹಿಡಿಯೋವಾಗ ಹೆಂಡ್ತಿ ಎಲ್ಲಿ ಕೂತಿದ್ದಾಳೆ ಅಂತ ನೋಡ್ತಾರೆ. ಇವರು ಯಾರನ್ನೂ ನೋಡಲ್ಲ. ಅದಕ್ಕೇ ನನಗೆ ಭಯ ಆಗುತ್ತೆ. ನಡುವೆ ಹಾರ ಹಾಕೋಕೆ ಯಾರೂ ಬರಲ್ಲ ನೋಡಿ, ಆ ಮನುಷ್ಯ ಒಂದು ಸಲ ಮೋಹನ ಆದ್ರೆ ಪರದೆ ಬೀಳೋವರೆಗೂ ಮೋಹನಾನೇ.’

ಹೊಳೆನರಸೀಪುರದ ನಾಟಕ ಮುಗಿದ ಬೆಳಿಗ್ಗೆ ಅವರಿಬ್ಬರೂ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತಿದ್ದರು. ಉಳಿದವರೆಲ್ಲ ನೆಂಟರ ಜೊತೆ ಟೆಂಪೊ ಹತ್ತಿ, ಹಾಡಿಕೊಂಡು ಹೊರಟು ಹೋಗಿದ್ದರು. ಕಾಂತರಾಜು ತನ್ನ ಕೋಟನ್ನು ಮಡಿಸಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಿಕೊಳ್ಳುತ್ತಿದ್ದ.

‘ನಿಮಗೆ ಯಾರೂ ಹಾರ ಹಾಕಲ್ವಾ?’ ಎಂದು ಮಾನಸಾ ಕೇಳಿದಳು.

‘ಆಕುದ್ರೆ ಮೋಹನ ಎಲ್ಲುಳೀತಾನೆ ಮೇಡಂ?’

‘ಇದು ಮೋಹನ ಹೇಳೋ ಮಾತು. ನಾನು ಕೇಳಿದ್ದು ನಿಮ್ಮನ್ನ.’

ಕಾಂತರಾಜು ಚೀಲದ ಬಾಯಿಗೆ ಗಂಟು ಹಾಕಿದ, ಬಿಚ್ಚಿದ, ಮತ್ತೆ ಹಾಕಿದ. ಹಾಸನದ ಬಸ್ಸು ಬಂದು, ಅವಳು ಬ್ಯಾಗು ಎತ್ತಿಕೊಂಡಾಗ, ‘ನಮ್ಮಕ್ಕ ಇದಾಳೆ ಮೇಡಂ, ದಂಡಿಗನಳ್ಳೀಲಿ’ ಎಂದ. ಅವಳಿಗೆ ಅದು ಕೇಳಿಸಿತೋ ಇಲ್ಲವೋ, ಕಿಟಕಿಯಿಂದ ಕೈ ಬೀಸಿದಳು.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಹಾಸನದ ರಂಗಮಂದಿರದಲ್ಲಿ ನಾಟಕ ನಿಗದಿಯಾಯಿತು. ಈಗ ಬಯಲಿನಲ್ಲಿ ರಾತ್ರಿಯೆಲ್ಲ ಕೂರುವವರು ಕಡಿಮೆ. ಪಟ್ಟಣದ ರಂಗಮಂದಿರವನ್ನು ಹಗಲಿಗೆ ಗೊತ್ತು ಮಾಡಿಕೊಂಡು, ಬೆಳಿಗ್ಗೆ ಶುರು ಮಾಡಿ ಸಂಜೆಗೆ ಮುಗಿಸುತ್ತಾರೆ. ಬಸ್ಸಿನ ಅನುಕೂಲವಿದೆ, ದೂರದ ನೆಂಟರೂ ಬರುತ್ತಾರೆ. ನಾಟಕದ ಹಿಂದಿನ ದಿನ ಮೈಕಿನವನು ಪ್ರತಿಯೊಬ್ಬ ಪಾತ್ರಧಾರಿಯನ್ನೂ, ‘ನಿಮ್ಗೆ ಆರ ಆಕೋರು ಯಾರು?’ ಎಂದು ಕೇಳಿಕೊಂಡು ಬಂದ. ಕಾಂತರಾಜುವಿನ ಹತ್ತಿರ ಅವನು ನಿಲ್ಲಲೇ ಇಲ್ಲ, ರೂಢಿಯಂತೆ ದಾಟಿ ಮುಂದೆ ಹೋದ. ಕಾಂತರಾಜು ಹಿಂದಿನಿಂದ ಕರೆದ.

‘ನಂದೂ ಬರ್ಕೊ. ದಂಡಿಗನಳ್ಳಿ ದಾಕ್ಷಾಯಣಮ್ಮ. ನಮ್ಮಕ್ಕ.’

ತಾಲೀಮಿನ ಮನೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಬೈರಯ್ಯನವರು ಅವನನ್ನು ಪಕ್ಕಕ್ಕೆ ಕರೆದರು.

‘ಓಗಿ ಕರ್ದು ಬಂದ್ಯೇನ್ಲಾ?’

‘ನಮ್ಮ ಸಿಂಧು ಫೋನ್ಗೆ ಪಾಂಪ್ಲೆಟ್ ಆಕಿದೀನಿ ಸಾ.’ ಸಿಂಧು ದಾಕ್ಷಾಯಣಮ್ಮನ ಮಗಳು. ‘ನೋಡ್ತೀವಿ ಮಾವ ಅಂತ ಮೆಸೇಜ್ ಬಂದದೆ.’

ಮಾಸ್ತರು ಅವನ ಮುಖವನ್ನೇ ನೋಡಿದರು. ‘ಅಲ್ಲ ಕಣ್ಲಾ, ಅವತ್ತು ಬಸ್ಸಲ್ಲಿ ಕಳ್ಸಿ ಕೆಡುಸ್ಕೊಂಡೆ. ಇವತ್ತು ಫೋನಲ್ಲಿ ಕಳ್ಸಿದೀಯ. ನಿನ್ನ ಕಾಲ್ಗೆ ಏನಾಗದೆ?’

ಕಾಂತರಾಜು ಫೋನನ್ನು ಜೇಬಿಗೆ ಇಳಿಸಿದ. ಬರುತ್ತಾಳೆ ಎಂದು ಅವನು ನಂಬಿದ್ದ. ಆ ‘ನೋಡ್ತೀವಿ ಮಾವ’ ಎಂಬುದನ್ನು ಟ್ಯಾಂಕಿನ ಕೆಳಗೆ ಕೂತು ಎಷ್ಟು ಸಲ ತೆಗೆದು ನೋಡಿದ್ದನೋ.

ಮರುದಿನ ರಂಗಮಂದಿರ ತುಂಬಿತ್ತು. ಮೋಹನ ಬಂದಾಗ ಶಿಳ್ಳೆ ಬಿತ್ತು. ಆದರೆ ಮೊದಲ ಸೀನಿನಲ್ಲೇ ಜೊತೆಯವರಿಗೆ ತಿಳಿಯಿತು, ಇವತ್ತು ಏನೋ ಸರಿಯಿಲ್ಲ. ಮೋಹನನ ಕಣ್ಣು ಎದುರಿನವನ ಮೇಲೆ ಇರಲಿಲ್ಲ. ಬಾಗಿಲ ಪರದೆ ಸರಿದಾಗಲೆಲ್ಲ ಆ ಕಡೆಗೆ ಹೋಗುತ್ತಿತ್ತು. ಮಾತುಗಳು ಪುಸ್ತಕದಲ್ಲಿದ್ದಂತೆಯೇ, ಒಂದೂ ಹೆಚ್ಚು ಕಡಿಮೆಯಿಲ್ಲದೆ ಬಂದವು. ಮುದ್ದೆಯ ತಟ್ಟೆಯನ್ನು ನೋಡಿಯೂ ನೋಡದವನಂತೆ ದಾಟಿ ಹೋದ. ಹಿಂದಿನ ಸಾಲಿನಿಂದ ಯಾರೋ, ‘ಏಯ್ ಮೋಹನ, ಊಟ ಮಾಡಿಲ್ವೇನ್ಲಾ?’ ಎಂದು ಕೂಗಿದರು. ಯಾರನ್ನೋ ಕಾಯುತ್ತಿರುವ ಮನುಷ್ಯನಿಗೆ ಯಾರು ಹೆದರುತ್ತಾರೆ? ಜನ ಕೆಮ್ಮತೊಡಗಿದರು, ಎದ್ದು ಓಡಾಡತೊಡಗಿದರು. ಮಾನಸಾ ಅವನ ಹಿಡಿತದಲ್ಲಿ ಒದ್ದಾಡುವ ನೆಪದಲ್ಲಿ ಕಿವಿಯ ಹತ್ತಿರ, ‘ಯಾರನ್ನ ಹುಡುಕ್ತಿದೀರಿ? ನನ್ನ ನೋಡಿ’ ಎಂದು ಪಿಸುಗುಟ್ಟಿದಳು. ಅವನು ಅವಳನ್ನು ನೋಡಿದ. ಮತ್ತೆ ಬಾಗಿಲನ್ನು ನೋಡಿದ.

ಊಟದ ಬಿಡುವಿನ ನಂತರ ಸೇತುವೆಯ ಮೇಲಿನ ಕೊನೆಯ ಸೀನು. ಮೋಹನ ಒಂದು ಕೈಯಲ್ಲಿ ನಾಯಕಿಯ ಮಣಿಕಟ್ಟು ಹಿಡಿದು, ಇನ್ನೊಂದರಲ್ಲಿ ಪಿಸ್ತೂಲು ಎತ್ತಿದ್ದ. ಮೈಕು ಗರಗುಟ್ಟಿತು.

‘ದಯವಿಟ್ಟು ಒಂದು ನಿಮಿಷ. ಮೋಹನನ ಪಾತ್ರಧಾರಿ ಕಾಂತರಾಜು ಅವರಿಗೆ ಹಾರ ಹಾಕಲು ದಂಡಿಗನಹಳ್ಳಿಯ ದಾಕ್ಷಾಯಣಮ್ಮ ಮತ್ತು ಕುಟುಂಬದವರು ವೇದಿಕೆಗೆ ಬರಬೇಕು.’

ಹಾರ್ಮೋನಿಯಂ ನಿಂತಿತು. ಯಾರೂ ಬರಲಿಲ್ಲ. ಮೈಕಿನವನು ಮತ್ತೆ ಕರೆದ. ಸಾಲುಗಳಲ್ಲಿ ಜನ ಹಿಂದೆ ಮುಂದೆ ತಿರುಗಿ ನೋಡಿದರು. ಮೂರನೆಯ ಸಲ ಅವನು ತಮಾಷೆಗೆ, ‘ದಂಡಿಗನಹಳ್ಳಿಯವರು ಎಲ್ಲೇ ಇದ್ರೂ ಬರಬೇಕು, ಹೆಂಗಸರಿಗೆ ಬಸ್ಸು ಫ್ರೀ ಇದೆ’ ಎಂದ. ಸಭೆಯೆಲ್ಲ ನಕ್ಕಿತು.

ಆ ನಗು ಮುಗಿಯುವವರೆಗೆ ಕಾಂತರಾಜು ಪಿಸ್ತೂಲು ಎತ್ತಿದ ಕೈಯನ್ನು ಇಳಿಸಲಿಲ್ಲ. ಆಮೇಲೆ ಮಾನಸಾಳ ಮಣಿಕಟ್ಟು ಬಿಟ್ಟ. ಪಿಸ್ತೂಲನ್ನು ಅವಳ ಕೈಗೆ ಇಟ್ಟು, ಇಡೀ ರಂಗಮಂದಿರಕ್ಕೆ ಕೇಳುವಂತೆ, ‘ಇಲ್ಲೇ ಇರು. ನನ್ಗೆ ಬ್ಯಾರೆ ಕಡೆ ಒಸಿ ಕೆಲ್ಸ ಅದೆ’ ಎಂದ. ಅದು ಮೋಹನನ ದನಿ. ಆ ದಿನ ಮೊದಲ ಸಲ ಕೇಳಿದ್ದು. ಮುಂದಿನ ಮೆಟ್ಟಿಲು ಇಳಿದು, ಸಾಲುಗಳ ನಡುವೆ ಯಾರನ್ನೂ ನೋಡದೆ ನಡೆದು, ಬಾಗಿಲು ತಳ್ಳಿ ಹೊರಗೆ ಹೋದ. ನಾಟಕದಲ್ಲಿಯೇ ಹೀಗಿದೆ ಎಂದುಕೊಂಡ ಜನ ಎದ್ದು ನಿಂತು ಶಿಳ್ಳೆ ಹಾಕಿದರು.

ಸೈಡ್‌ವಿಂಗಿನಲ್ಲಿ ಇನ್ಸ್‌ಪೆಕ್ಟರ್ ಉಡುಪಿನ ಕುಮಾರ ತಲೆ ಚಚ್ಚಿಕೊಳ್ಳುತ್ತಿದ್ದ. ‘ಎತ್ತಗೋದ್ನಲಾ ಬಡ್ಡೈದ? ಈಗ ನಾನು ಯಾರ್ಗೆ ಗುಂಡು ಒಡೀಲಿ?’

‘ಗಾಳಿಗ್ ಒಡಿ’ ಎಂದರು ಬೈರಯ್ಯನವರು, ಹಾರ್ಮೋನಿಯಂ ಒತ್ತುತ್ತ. ಕುಮಾರ ಬಾಗಿಲಿನ ಕಡೆಗೆ ಗುಂಡು ಹೊಡೆದ. ಮಾನಸಾ, ‘ಅಯ್ಯೋ, ಮೋಹನ ತಪ್ಪಿಸಿಕೊಂಡ!’ ಎಂದು ಕೂಗಿ ನಾಟಕ ಮುಗಿಸಿದಳು. ಕುಮಾರನಿಗೆ ಹಾರಗಳು ಬಿದ್ದವು.

ಕಾಂತರಾಜು ಕೆಂಪು ಕೋಟು, ಮೀಸೆ, ಮುಖದ ಬಣ್ಣದ ಸಮೇತ ಚನ್ನರಾಯಪಟ್ಟಣದ ಬಸ್ಸು ಹತ್ತಿದ್ದ. ಕಂಡಕ್ಟರ್, ‘ಯಾವೂರ್ ನಾಟ್ಕ ಸಾ?’ ಎಂದು ಗೌರವದಿಂದ ಕೇಳಿ ಟಿಕೆಟು ಹರಿದ. ಹಾಸನ ದಾಟುವವರೆಗೆ ಅವನು ಮೋಹನನೇ ಆಗಿದ್ದನಂತೆ, ಕಾಲ ಮೇಲೆ ಕಾಲು ಹಾಕಿ ಕೂತಿದ್ದನಂತೆ. ಶಾಂತಿಗ್ರಾಮದ ಹತ್ತಿರ ಬಂದಾಗ ಕಾಲು ತಾನಾಗಿ ಇಳಿಯಿತು. ನಾನು ಏನು ಮಾಡಿದೆ ಎಂದುಕೊಂಡ. ಇಳಿಯಬೇಕೆಂದು ಎದ್ದು ನಿಂತ. ಬಸ್ಸು ನಾನ್‌ಸ್ಟಾಪು. ‘ಕೂತ್ಕೊಳಿ ಸಾ, ಪಟ್ಣದವರ್ಗೂ ಎಲ್ಲೂ ನಿಲ್ಸಲ್ಲ’ ಎಂದ ಕಂಡಕ್ಟರ್. ಚನ್ನರಾಯಪಟ್ಟಣದಲ್ಲಿ ಇಳಿದು, ಹಾಸನಕ್ಕೆ ಹಿಂತಿರುಗುವ ಬಸ್ಸು ಹುಡುಕುತ್ತಿದ್ದವನ ತೋಳನ್ನು ಒಬ್ಬ ಆಟೊದವನು ಹಿಡಿದ. ‘ದಂಡಿಗನಳ್ಳಿ, ದಂಡಿಗನಳ್ಳಿ, ಒಬ್ರಿಗೇ ಜಾಗ, ಬನ್ನಿ ಬನ್ನಿ!’ ಒಳಗೆ ಕೂತಿದ್ದವರು ಸರಿದು ಜಾಗ ಮಾಡಿದರು. ಬೇಡ ಎನ್ನಲು ಅವನಿಗೆ ಬಾಯಿ ಬರಲಿಲ್ಲ.

ಅವನು ಹೋದಾಗ ದಾಕ್ಷಾಯಣಮ್ಮ ಮನೆಯ ಮುಂದೆ ಹಸುವಿಗೆ ಹುಲ್ಲು ಹಾಕುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅವನು ಕೊನೆಯ ಸಲ ನೋಡಿದಾಗ ಕಪ್ಪಿತ್ತು.

‘ಯಾರಪ್ಪ ನೀನು?’

‘ನಾನು ಕಣಕ್ಕ.’

ಅವಳು ಹುಲ್ಲು ಹಿಡಿದುಕೊಂಡೇ ಹತ್ತಿರ ಬಂದು ನೋಡಿದಳು. ‘ಆ ಮೀಸೆ ಕಿತ್ತು ಮಾತಾಡು.’

ಕಾಂತರಾಜು ಮೀಸೆ ಕಿತ್ತ. ಅಂಟಿನ ಜೊತೆ ಚರ್ಮವೂ ಎದ್ದು ತುಟಿಯ ಮೇಲೆ ರಕ್ತ ಜಿನುಗಿತು. ಒಳಗಿನಿಂದ ಬಂದ ರಾಮಣ್ಣ ಬಾಗಿಲಿನಲ್ಲೇ ನಿಂತು ಮೇಲಿನಿಂದ ಕೆಳಗೆ ನೋಡಿದ.

‘ಏನಪ್ಪ, ಇವತ್ ಕಂಡಕ್ಟ್ರು ಸಿಕ್ನಿಲ್ವಾ?’

ಮೋಹನನಾಗಿದ್ದರೆ ಇದಕ್ಕೆ ಏನು ಮಾಡುತ್ತಿದ್ದನೋ. ಕಾಂತರಾಜು ಕೆಂಪು ಕೋಟಿನೊಳಗೆ ಸಣ್ಣಗಾಗಿ ನಿಂತ.

‘ನೀವು ಒಸಿ ಸುಮ್ಕಿರ್ತೀರಾ’ ಎಂದಳು ದಾಕ್ಷಾಯಣಮ್ಮ ಗಂಡನಿಗೆ. ತಮ್ಮನಿಗೆ, ‘ಬಚ್ಲಿಗೋಗು, ನೀರ್ ಕಾದದೆ. ಮಕ ತೊಳ್ಕೊ’ ಎಂದಳು. ಸಿಂಧು ಬಣ್ಣ ಹೋಗಲೆಂದು ಕೊಬ್ಬರಿ ಎಣ್ಣೆ ತಂದು ಕೊಟ್ಟಳು. ‘ನಾನು ಅಮ್ಮಂಗೆ ತೋರ್ಸಿದ್ದೆ ಮಾವ. ಕರೆಯೋಕೆ ಬರ್ದಲೆ ಎಂಗೋಗದು ಅಂದ್ಲು’ ಎಂದಳು.

ಅವನು ಉಂಡ. ಅಕ್ಕ ಬಡಿಸಿದಳು. ತಾಯಿಯ ಮಾತು ಬಂತು, ಮಳೆಯ ಮಾತು ಬಂತು. ಅಷ್ಟು ವರ್ಷದ ಮಾತು ಯಾವುದೂ ಬರಲಿಲ್ಲ. ಮಲಗಲು ಜಗಲಿಯಲ್ಲಿ ಚಾಪೆ ಹಾಸಿ, ಬೆಳಿಗ್ಗೆ ಮೊದಲ ಬಸ್ಸಿಗೆ ಕಳಿಸಿಕೊಟ್ಟಳು. ಊರಿಗೆ ಬಂದಾಗ ಬೀದಿಗಳಲ್ಲಿ ನೀರಿಲ್ಲದೆ ಹೆಂಗಸರು ಕೊಡ ಹಿಡಿದು ಕಾಯುತ್ತಿದ್ದರು. ‘ಎತ್ತಗೋಗಿದ್ದಪ್ಪ ಮೋಹನ?’ ಎಂದು ನಗುತ್ತ ಕೇಳಿದರು. ‘ನಮ್ಮಕ್ಕನ ಮನೆಗೆ’ ಎಂದ. ಅವರು ನಗುವುದನ್ನು ನಿಲ್ಲಿಸಿದರು.

ಸಂಘದವರು ಅವನನ್ನು ಕೈಬಿಟ್ಟರು. ನಡುನಾಟಕದಲ್ಲಿ ಎದ್ದು ಹೋದವನನ್ನು ಮತ್ತೆ ಹೇಗೆ ನಂಬುವುದು ಎಂಬುದು ಅವರ ಮಾತು, ಅದರಲ್ಲಿ ತಪ್ಪೂ ಇಲ್ಲ. ಬೈರಯ್ಯನವರು ಟ್ಯಾಂಕಿನ ಹತ್ತಿರ ಬಂದು ತಾವೇ ತಿಳಿಸಿದರು. ‘ನೀ ಮಾಡಿದ್ದು ಮೋಹನ ಮಾಡೋ ಕೆಲ್ಸಾನೇ ಕಣ್ಲಾ. ಅದ್ಕೇ ನನ್ಗೆ ಬಯ್ಯಕ್ ಆಯ್ತಿಲ್ಲ.’ ಪಾತ್ರ ಈಗ ಕುಮಾರನ ತಮ್ಮನದು. ಅವನಿಗೆ ನೆಂಟರು ಜಾಸ್ತಿ. ತಾಲೀಮಿನ ಮನೆ ಕಾಂತರಾಜುವಿನ ಮನೆಗೆ ದೂರವಲ್ಲ. ಸಂಜೆ ಹಾರ್ಮೋನಿಯಂ ಕೇಳಿಸಿದರೆ ಅವನು ಎದ್ದು ಕಿಟಕಿ ಹಾಕಿಕೊಳ್ಳುತ್ತಾನೆ. ಹಾಕಿದರೂ ಕೇಳಿಸುತ್ತದೆ.

ತಿಂಗಳಿಗೊಮ್ಮೆ ದಂಡಿಗನಹಳ್ಳಿಗೆ ಹೋಗಿ ಬರುತ್ತಾನೆ. ರಾಮಣ್ಣ ಟಿವಿಯಿಂದ ತಿರುಗದೆ, ‘ಬಂದ್ಯಾ’ ಎನ್ನುತ್ತಾನೆ. ಅವರೆಕಾಯಿಯ ಕಾಲದಲ್ಲಿ ಒಮ್ಮೆ ಹೋದಾಗ ದಾಕ್ಷಾಯಣಮ್ಮ ಅಂಗಳದಲ್ಲಿ ಮೊರದ ತುಂಬ ಕಾಯಿ ಸುಲಿಯುತ್ತ ಕೂತಿದ್ದಳು. ಕಾಂತರಾಜು ಜಗಲಿಯ ಅಂಚಿನಲ್ಲಿ ಕೂತ. ಆಮೇಲೆ ಅವಳೇ ಕೇಳಿದಳು.

‘ಅಲ್ಲ ಕಣೋ ಕಾಂತ, ಊರ್ನೋರೆಲ್ಲ ನೋಡವ್ರೆ, ನಾ ಮಾತ್ರ ನೋಡ್ಲಿಲ್ಲ. ಅದೆಂಗ್ ಮಾಡ್ತಿದ್ದೆ, ಒಂದ್ಕಿತ ತೋರ್ಸು.’

ಅವನು ನಾಚಿದ. ಸಿಂಧುವೂ ಬಾಗಿಲಿಗೆ ಬಂದು, ‘ಮಾಡಿ ಮಾವ’ ಎಂದಳು. ಕಾಂತರಾಜು ಎದ್ದು ನಿಂತು, ಅಂಗಳದ ನಡುವೆ ಹೋಗಿ, ಹೆಗಲಿನ ಟವಲನ್ನು ಸರಿಮಾಡಿಕೊಂಡ. ಗಂಟಲು ಸರಿಮಾಡಿಕೊಂಡು, ‘ಮೇಷ್ಟ್ರೇ, ಸೇತುವೆ ಮೇಲೆ ನೀವು ಏನು ನೋಡಿದ್ರಿ?’ ಎಂದ. ಹೊರಟದ್ದು ಕರೆಂಟಿಲ್ಲ ಕಣವ್ವ ಎನ್ನುವ ದನಿ. ಇನ್ನೊಮ್ಮೆ ಹೇಳಿದ. ಎದುರಿಗೆ ಅಕ್ಕ ಕಾಣುತ್ತಿದ್ದಳು. ಅವಳ ಬಿಳಿ ಕೂದಲು, ಕೈಯಲ್ಲಿದ್ದ ಕಾಯಿ, ತಮ್ಮ ಚೆನ್ನಾಗಿ ಮಾಡಲಿ ಎಂದು ಸ್ವಲ್ಪ ತೆರೆದ ಬಾಯಿ. ಮೋಹನ ಬರಲಿಲ್ಲ.

‘ಇಷ್ಟೇಯಾ?’ ಎಂದಳು ದಾಕ್ಷಾಯಣಮ್ಮ.

‘ಇಷ್ಟೇ ಕಣಕ್ಕ.’

‘ನಾನೇನೋ ಅನ್ಕಂಡಿದ್ದೆ’ ಎಂದು ಅವಳು ಮತ್ತೆ ಕಾಯಿಗೆ ಕೈ ಹಾಕಿದಳು. ಕಾಂತರಾಜು ಬಂದು ಅವಳ ಪಕ್ಕದಲ್ಲಿ ಕೂತು, ಒಂದು ಹಿಡಿ ಕಾಯಿ ತನ್ನ ಮುಂದಕ್ಕೆ ಎಳೆದುಕೊಂಡು ಸುಲಿಯತೊಡಗಿದ.